ಕೆರೆ ಗದಗಿನಲ್ಲಿ, ಕಾಯುವವರು ಗೋವಾದಲ್ಲಿ

ಗೋವಾದಲ್ಲಿ ಕನ್ನಡ ಮಾತಾಡುವವರು ಎದುರಾದರೆ ಮೊದಲು ವಿಚಾರಿಸುವುದು ಊರು. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಹಾವೇರಿ. ಬಹುಪಾಲು ಉತ್ತರ ಇಷ್ಟರೊಳಗೇ ಬರುತ್ತದೆ. ಈಚಿನ ವರ್ಷಗಳಲ್ಲಿ ನಾನು ಇನ್ನೊಂದು ಮಾತನ್ನೂ ಕೇಳುತ್ತೇನೆ: ನಿಮ್ಮೂರಿಗೆ ಕೆರೆ ಇದೆಯೇ? "ಐತ್ರಿ ಅಕ್ಕಾರ, ನೀರಿಲ್ಲ." ಕಟ್ಟಡ ಕೆಲಸದ ಮೇಸ್ತ್ರಿ, ಮೀನು ಮಾರುಕಟ್ಟೆಯ ಹಮಾಲ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳು, ಯಾರನ್ನು ಕೇಳಿದರೂ ಅದೇ ಮಾತು. ಹೇಳುವವರ ದನಿಯಲ್ಲಿ ಅಚ್ಚರಿಯಿಲ್ಲ. ಮನೆಯ ಹಿರಿಯರು ತೀರಿಹೋಗಿ ಬಹಳ ವರ್ಷವಾಯಿತು ಎನ್ನುವ ಹಾಗೆ ಹೇಳಿ ಸುಮ್ಮನಾಗುತ್ತಾರೆ.

ನಾನಿರುವುದು ಕರ್ಮಳಿ ಕೆರೆಯ ಹತ್ತಿರ. ಹಳೆ ಗೋವಾದ ಚರ್ಚುಗಳನ್ನು ನೋಡಲು ಬರುವ ಬಹಳ ಮಂದಿಗೆ, ಪಕ್ಕದಲ್ಲೇ ಸುಮಾರು 70 ಹೆಕ್ಟೇರಿನ ಕೆರೆಯೊಂದಿದೆ ಎಂಬುದು ಗೊತ್ತಿಲ್ಲ. ಕೊಂಕಣ ರೈಲಿನಲ್ಲಿ ಕರ್ಮಳಿ ನಿಲ್ದಾಣದ ಸುತ್ತ ಗದ್ದೆ, ಜೌಗು, ಬಿಳಿ ಕೊಕ್ಕರೆ ಕಂಡವರು ಅದರ ಒಂದು ಅಂಚನ್ನು ಕಂಡಿರುತ್ತಾರೆ. ಮನುಷ್ಯರು ಕಟ್ಟಿದ ಕೆರೆ, ಆಳವಿಲ್ಲ. ಮಳೆಗಾಲ ಮುಗಿದ ಮೇಲೆ ಸಿಳ್ಳೆಬಾತು, ಸೂಜಿಬಾಲದ ಬಾತು, ದೇವನಕ್ಕಿ ಎಲ್ಲ ಸೇರುತ್ತವೆ.

ಒಂದು ಭಾನುವಾರ ಅದರ ಏರಿಯ ಮೇಲೆ ಶಿರಹಟ್ಟಿ ಕಡೆಯ ಹೆಣ್ಣುಮಗಳೊಬ್ಬಳು ಸಿಕ್ಕಳು. ಹತ್ತಿರದ ಕಟ್ಟಡವೊಂದರಲ್ಲಿ ಗಂಡನ ಜೊತೆ ಇಟ್ಟಿಗೆ ಹೊರುತ್ತಾಳೆ. ಹಕ್ಕಿ ತೋರಿಸಿದೆ. ನೋಡಿ ತಲೆಯಾಡಿಸಿದಳು, ಆದರೆ ಅವಳು ಕೇಳಿದ್ದು ಬೇರೆ. "ಅಕ್ಕಾರ, ಈ ಕೆರಿ ತೂಬು ಎಲ್ಲೈತಿ? ನೀರ ಬಿಡಾವ್ರು ಯಾರು?" ಕೆರೆಯನ್ನು ನೋಡಿದ ತಕ್ಷಣ ಹೀಗೆ ಕೇಳುವವರು ಕೆರೆಯ ಪಕ್ಕ ಬದುಕಿದವರು. ಪೇಟೆಯಿಂದ ಬಂದ ನಾವು ನೀರು ಎಷ್ಟಿದೆ ಎಂದು ನೋಡುತ್ತೇವೆ. ಅವರು ಯಾರಿಗೆ ಹೊಣೆ ಎಂದು ಕೇಳುತ್ತಾರೆ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ. ಕೆರೆ ಒಣಗಲು ಮಳೆ ಒಂದೇ ಕಾರಣವಲ್ಲ. ಅದನ್ನು ಕಾಯುತ್ತಿದ್ದವರ ಹಕ್ಕು, ಕೂಲಿ, ಮರ್ಯಾದೆ ಹೋದ ದಿನದಿಂದಲೇ ಒಣಗುವುದು ಶುರುವಾಗಿರುತ್ತದೆ.

ಶಿರಹಟ್ಟಿ ತಾಲ್ಲೂಕು ಎಂದರೆ ಹಕ್ಕಿ ನೋಡುವವರಿಗೆ ನೆನಪಾಗುವುದು ಮಾಗಡಿ. ಬೆಂಗಳೂರಿನ ಹತ್ತಿರದ ಮಾಗಡಿ ಬೇರೆ, ಇದು ಗದಗ ಜಿಲ್ಲೆಯದು. ನೀರಾವರಿಗೆಂದು ಕಟ್ಟಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಸಾವಿರಗಟ್ಟಲೆ ಬರುತ್ತವೆ. ಹಗಲೆಲ್ಲ ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇವು. ತಿನ್ನುವುದು ರೈತರು ಬೆಳೆದ ಶೇಂಗಾ, ಕಡಲೆಯನ್ನೇ. ಊರವರು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದಾರೆ. ನನ್ನ ಪ್ರಕಾರ ಮಾಗಡಿಯಲ್ಲಿ ನೋಡಬೇಕಾದದ್ದು ಹೆಬ್ಬಾತಿಗಿಂತ ಮೊದಲು ಈ ತಾಳ್ಮೆ. 2024ರ ಜನವರಿ ಕೊನೆಯಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೆ 54.38 ಹೆಕ್ಟೇರಿನ ಮಾಗಡಿ ಕೆರೆಯೂ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯವರೆಗೆ ಕರ್ನಾಟಕಕ್ಕೆ ಇದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ.

ಆ ಸುದ್ದಿ ಬಂದಾಗ ರಾಜ್ಯ ಬರದಲ್ಲಿತ್ತು. 2023ರ ಮುಂಗಾರು ಕೈಕೊಟ್ಟು, 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಆ ವರ್ಷ ನಮ್ಮ ಕಡೆಯಿಂದ ವಾಸ್ಕೊಗೆ ಬರುವ ರೈಲಿನಲ್ಲಿ ಗಂಟುಮೂಟೆ ಹೊತ್ತ ಕುಟುಂಬಗಳೇ ತುಂಬಿದ್ದವು. ಮಾಗಡಿಗೆ ಹೆಸರು ಬಂತು, ಒಳ್ಳೆಯದೇ ಆಯಿತು. ಅದರ ಅಕ್ಕಪಕ್ಕದ ಊರುಗಳ ಕೆರೆಗಳಿಗೆ ಹೆಬ್ಬಾತು ಬರುವುದಿಲ್ಲ, ಹೆಸರೂ ಬರಲಿಲ್ಲ. ಅವೂ ಅದೇ ಎರೆಮಣ್ಣಿನಲ್ಲಿ, ಅದೇ ಮಳೆಯನ್ನು ನಂಬಿಕೊಂಡು ಕೂತ ಕೆರೆಗಳು.

ಕೆರೆ ಹೇಗೆ ಒಣಗುತ್ತದೆ ಎಂಬುದನ್ನು ಊರವರ ಬಾಯಿಂದ ಕೇಳಬೇಕು. ಅವರು ಆಕಾಶದ ಕಡೆ ಕೈ ತೋರಿಸುವುದಿಲ್ಲ, ಮೇಲಿನ ಹೊಲಗಳ ಕಡೆ ತೋರಿಸುತ್ತಾರೆ. ಗುಡ್ಡದಿಂದ, ಬಯಲಿನಿಂದ ಕೆರೆಗೆ ನೀರು ತರುತ್ತಿದ್ದ ಹಳ್ಳ, ಕಾಲುವೆಗಳಿಗೆ ಎಲ್ಲೋ ಒಂದು ಕಡೆ ರಸ್ತೆ ಅಡ್ಡ ಬಂದಿದೆ. ರಸ್ತೆಯ ಕೆಳಗೆ ಹಾಕಿದ ಪೈಪು ಸಣ್ಣದು, ಎರಡು ಮಳೆಗೆ ಕಸ ಕಟ್ಟಿ ಮುಚ್ಚಿಹೋಗಿದೆ. ಇನ್ನೊಂದು ಕಡೆ ಕಾಲುವೆಯನ್ನು ಹೊಲಕ್ಕೆ ಸೇರಿಸಿಕೊಂಡು ಒಡ್ಡು ಹಾಕಿದ್ದಾರೆ. ಮಳೆ ಬಿದ್ದರೂ ನೀರು ಕೆರೆಯ ದಾರಿ ಹಿಡಿಯುವುದಿಲ್ಲ. ಬಂದಷ್ಟು ನೀರು ಹೂಳಿನ ಮೇಲೆ ತೆಳ್ಳಗೆ ಹರಡುತ್ತದೆ. ಹಾಗೆ ಹರಡಿದ ನೀರನ್ನು ಬಿಸಿಲು ಬೇಗ ಕುಡಿಯುತ್ತದೆ. ಸುತ್ತಲಿನ ಕೊಳವೆಬಾವಿಗಳು ಅಂತರ್ಜಲವನ್ನು ಎಷ್ಟು ಕೆಳಗಿಳಿಸಿವೆ ಎಂದರೆ ಉಳಿದ ನೀರೂ ನೆಲದಲ್ಲಿ ಇಂಗಿ ಹೋಗುತ್ತದೆ. ಆಮೇಲೆ ಅಂಗಳದಲ್ಲಿ ಬಳ್ಳಾರಿ ಜಾಲಿ ಏಳುತ್ತದೆ. ಜಾಲಿ ಒಮ್ಮೆ ಬೇರು ಬಿಟ್ಟ ಮೇಲೆ ಆ ಜಾಗವನ್ನು ಕೆರೆ ಎನ್ನುವವರೂ ಕಡಿಮೆಯಾಗುತ್ತಾರೆ. ಸಂತೆಗೆ, ಕ್ರೀಡಾಂಗಣಕ್ಕೆ, ಸಮುದಾಯ ಭವನಕ್ಕೆ ಜಾಗ ಬೇಕೆಂದಾಗ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ.

ಊರು ಕೆರೆಯನ್ನು ಒಂದೇ ಸಲ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ಮೀನು. ಹೊಲವಿಲ್ಲದ ಮನೆಗಳಿಗೆ ಅದೇ ಬೇಸಿಗೆಯ ಊಟವಾಗಿತ್ತು, ಹಾಗಾಗಿ ಮೊದಲ ಪೆಟ್ಟು ಅವರಿಗೆ. ಆಮೇಲೆ ಆಪು, ಜೊಂಡು. ಆಮೇಲೆ ಎಮ್ಮೆ. ಮೈ ತೋಯಿಸಲು ನೀರಿಲ್ಲದ ಊರಲ್ಲಿ ಎಮ್ಮೆ ಸಾಕುವುದು ಹೆಣ್ಣುಮಕ್ಕಳ ಬೆನ್ನು ಮುರಿಯುವ ಕೆಲಸ. ಎಮ್ಮೆ ಮಾರಿದ ದಿನ ಮನೆಯ ಹೆಂಗಸಿನ ಕೈಯ ರೊಕ್ಕವೂ ಹೋಯಿತು. ಅದರ ಹಿಂದೆಯೇ ಏರಿಯ ಕೆಳಗಿನ ಬಾವಿಗಳು. ಕೆರೆಯ ಬಸಿನೀರಿನಿಂದ ಬದುಕಿದ್ದ ಬಾವಿಗಳವು, ಕೆರೆ ಬತ್ತಿದ ಒಂದೆರಡು ಬೇಸಿಗೆಗೆ ತಳ ಕಂಡವು. ಹಿಂಗಾರಿ ಬೆಳೆ ಆಮೇಲೆ ನಿಂತಿತು. ಗಂಡಸರು ಗೋವಾದ ರೈಲು ಹತ್ತಿದ್ದು ಎಲ್ಲಕ್ಕಿಂತ ಕೊನೆಗೆ. ನಾವು ಇಲ್ಲಿ ಕಾಣುವುದು ಆ ಕೊನೆಯ ಹೆಜ್ಜೆಯನ್ನು ಮಾತ್ರ. ಜನ ಹೊಟ್ಟೆಪಾಡಿಗೆ ಬಂದರು ಎನ್ನುತ್ತೇವೆ. ಅದಕ್ಕೆ ಮೊದಲು ಹೊಟ್ಟೆಪಾಡು ಎಷ್ಟು ಸಲ ಕೈಜಾರಿತು ಎಂದು ಕೇಳುವವರಿಲ್ಲ.

ನಮ್ಮ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕೆರೆ ಕಟ್ಟಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟ ಉಲ್ಲೇಖಗಳು ಮತ್ತೆ ಮತ್ತೆ ಬರುತ್ತವೆ. ಹೂಳು ತೆಗೆಯುವ ಬಂಡಿಗೆ, ಎತ್ತಿಗೆ ಕೂಡ ದತ್ತಿ ಇಟ್ಟದ್ದುಂಟು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಏರಿಗೆ ಮಣ್ಣು ಹೊತ್ತವರಲ್ಲಿ ಎಷ್ಟೋ ಜನರಿಗೆ ಅದೇ ಕೆರೆಯ ನೀರು ಮುಟ್ಟುವ ಹಕ್ಕಿರಲಿಲ್ಲ. ಆದರೆ ಕೆರೆಯನ್ನು ಕಟ್ಟಿದರೆ ಸಾಲದು, ಅದನ್ನು ನೋಡಿಕೊಳ್ಳುವ ಮನುಷ್ಯನಿಗೂ ಅನ್ನ ಇಡಬೇಕು ಎಂಬ ಲೆಕ್ಕ ಅವರಿಗೆ ಸ್ಪಷ್ಟವಿತ್ತು. ಇವತ್ತಿನ ಯೋಜನೆಗಳಲ್ಲಿ ಏರಿಗೆ ಹಣವಿದೆ, ಹೂಳಿಗೆ ಹಣವಿದೆ, ದಂಡೆಯ ಮೇಲೆ ನಡೆದಾಡುವ ದಾರಿಗೂ ಹಣವಿದೆ. ವರ್ಷದುದ್ದಕ್ಕೂ ಕಾಯುವವನಿಗೆ ಇಲ್ಲ.

ಈ ಮಾತು ನನಗೆ ಗಟ್ಟಿಯಾಗಿ ಹೊಳೆದದ್ದು ಗೋವಾದ ಖಜಾನ್ ಭೂಮಿಯಲ್ಲಿ. ಮಾಂಡವಿ, ಜುವಾರಿ ನದಿಗಳು ಸಮುದ್ರ ಸೇರುವ ಬಯಲಿನಲ್ಲಿ, ಭರತದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿರುವ ಸುಮಾರು 18,000 ಹೆಕ್ಟೇರ್ ನೆಲವನ್ನು ಇಲ್ಲಿನ ಪೂರ್ವಿಕರು ಉಪ್ಪುನೀರಿನಿಂದ ಬಿಡಿಸಿಕೊಂಡಿದ್ದಾರೆ. ನದಿಯ ಬದಿಗೆ ಜೇಡಿಮಣ್ಣು, ಹುಲ್ಲು, ಮುರಕಲ್ಲಿನ ಬಾಂದು. ಬಾಂದಿನ ನಡುವೆ ಮಾನಸ್ ಎಂಬ ತೂಬು. ಅದರ ಮರದ ಬಾಗಿಲನ್ನು ಯಾರೂ ಎಳೆದು ಮುಚ್ಚಬೇಕಾಗಿಲ್ಲ. ಭರತ ಏರಿದಾಗ ಹೊರಗಿನ ನೀರೇ ದಬ್ಬಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ನೀರು ಅದನ್ನು ದಬ್ಬಿಕೊಂಡು ಹೊರಗೆ ಹರಿಯುತ್ತದೆ. ಮಳೆಗಾಲದಲ್ಲಿ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಕೊರ್ಗುಟ್ ಭತ್ತ. ಕೊಯ್ಲಾದ ಮೇಲೆ ತಗ್ಗಿನ ಹೊಂಡ, ಕಾಲುವೆಗಳಲ್ಲಿ ಮೀನು, ಸಿಗಡಿ. ಕೆಲವು ಕಡೆ ಉಪ್ಪಿನ ಆಗರ. ಒಂದೇ ನೆಲ ಹೀಗೆ ಅನ್ನ, ಮೀನು, ಉಪ್ಪು ಮೂರನ್ನೂ ಕೊಡುತ್ತಿತ್ತು.

ಇಷ್ಟೆಲ್ಲ ನಡೆಯಲು ದಿನವೂ ಕೈ ಬೇಕು. ಏಡಿ ಬಾಂದಿನಲ್ಲಿ ಬಿಲ ತೋಡುತ್ತದೆ. ಬೆರಳು ಗಾತ್ರದ ತೂತನ್ನು ಇವತ್ತು ಮುಚ್ಚದಿದ್ದರೆ ಅಮಾವಾಸ್ಯೆಯ ಭರತಕ್ಕೆ ಬಾಂದೇ ಬಾಯಿಬಿಡುತ್ತದೆ. ಹಿಂದೆ ಇದೆಲ್ಲ ಗಾಂವ್ಕಾರಿಯ ಜವಾಬ್ದಾರಿ. ಊರಿನ ಭೂಮಿಯನ್ನು ಒಟ್ಟಾಗಿ ನೋಡಿಕೊಳ್ಳುವ ಈ ಪದ್ಧತಿಯ ಕಟ್ಟಳೆಗಳನ್ನು ಪೋರ್ಚುಗೀಸರು 1526ರಲ್ಲೇ ಬರೆಸಿಟ್ಟರು. ಮುಂದೆ ಅದೇ ಕೊಮುನಿದಾದ್ ಎಂಬ ಹೆಸರಿನಲ್ಲಿ ಉಳಿಯಿತು. 1961ರ ವಿಮೋಚನೆಯ ನಂತರ 1964ರ ಗೇಣಿ ಕಾನೂನು, 1976ರ ತಿದ್ದುಪಡಿ ಬಂದು ಉಳುವವನಿಗೆ ಹಕ್ಕು ಸಿಕ್ಕಿತು. ಅದು ಆಗಲೇಬೇಕಿದ್ದ ನ್ಯಾಯ, ಅದನ್ನು ಅಲ್ಲಗಳೆಯುವವರ ಜೊತೆ ನನಗೆ ಸಹಮತವಿಲ್ಲ. ಆದರೆ ಬಾಂದು ಯಾರು ಕಾಯಬೇಕು ಎಂಬ ಪ್ರಶ್ನೆ ಸಡಿಲವಾಯಿತು. ಗೇಣಿದಾರರ ಸಂಘಗಳಾದವು. ತೂಬಿನ ಬಳಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ ಆ ಹಣದಲ್ಲಿ ಬಾಂದು ರಿಪೇರಿ ಮಾಡುವ ಕ್ರಮ ಹಲವೆಡೆ ಕೆಟ್ಟಿತು. ಭತ್ತಕ್ಕಿಂತ ಸಿಗಡಿಗೆ ಬೆಲೆ ಹೆಚ್ಚು. ಉಪ್ಪುನೀರು ಒಳಗೆ ನುಗ್ಗಿದರೆ ಗುತ್ತಿಗೆದಾರನಿಗೆ ಲಾಭ, ರೈತನಿಗೆ ಗದ್ದೆ ಹೋಗುತ್ತದೆ. ನದಿಯಲ್ಲಿ ಓಡಾಡುವ ಅದಿರಿನ ಬಾರ್ಜುಗಳ ಅಲೆಯೂ ಬಾಂದು ಕೊರೆದಿದೆ. ಬಿಟ್ಟ ಗದ್ದೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೆಳೆಯುತ್ತದೆ. ಆಮೇಲೆ ರೈತನಿಗೆ ಮನಸ್ಸು ಬಂದರೂ ಕಾನೂನಿನ ಪ್ರಕಾರ ಕಡಿಯುವಂತಿಲ್ಲ. ರಸ್ತೆಗೆ ಹತ್ತಿರವಿದ್ದ ಕಡೆ ಲಾರಿಯಲ್ಲಿ ಮಣ್ಣು ತಂದು ಸುರಿಯುತ್ತಾರೆ. ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ಜೌಗು ಒಣನೆಲವಾಗುವುದು ಹೀಗೆ.

ನೆರೆಯ ಹಿರಿಯ ರೈತರೊಬ್ಬರು ನನಗೆ ಹೇಳಿದ್ದು: "ಬಾಯ್, ನನ್ನ ಮಗ ಕುವೈತಿನಲ್ಲಿದ್ದಾನೆ. ಬಾಂದಿಗೆ ಮಣ್ಣು ಹಾಕಲು ನಿಮ್ಮೂರವರನ್ನೇ ಕರೆಯಬೇಕು." ಅವರ ಗದ್ದೆಯ ನಾಟಿಗೆ, ಬಾಂದಿನ ರಿಪೇರಿಗೆ ಬರುವುದು ಬಾಗಲಕೋಟೆ, ಗದಗಿನ ಕೂಲಿಗಳೇ. ಉಪ್ಪಿನ ಆಗರಗಳಲ್ಲಿ ಗೋಕರ್ಣದ ಕಡೆಯವರು ಹಂಗಾಮಿಗೆ ಬಂದು ದುಡಿಯುತ್ತಾರೆ. ಗದಗಿನ ಕೆರೆ ಬಿಟ್ಟು ಬಂದವನು ಗೋವಾದವನು ಬಿಟ್ಟುಹೋದ ಬಾಂದಿಗೆ ಮಣ್ಣು ಹಾಕುತ್ತಾನೆ. ಗೋವಾದ ಮಗ ಇನ್ನಾವುದೋ ಮರುಭೂಮಿಯಲ್ಲಿ ಇನ್ನಾರದೋ ಕಟ್ಟಡ ಕಾಯುತ್ತಾನೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎರಡು ಕಡೆಯೂ ಕೈಗಳಿವೆ, ತಂತಮ್ಮ ನೀರಿನ ಪಕ್ಕದಲ್ಲಿ ಇಲ್ಲ, ಅಷ್ಟೇ.

ಗೋವಾದಲ್ಲಿ ಮಾಂಡವಿ ಎನಿಸಿಕೊಳ್ಳುವ ಮಹದಾಯಿ ನದಿಯನ್ನು ಬಿಟ್ಟು ಇಲ್ಲಿನ ಕನ್ನಡಿಗರು ನೀರಿನ ಮಾತಾಡಲಾಗದು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. ನರಗುಂದದಲ್ಲಿ ರೈತರು 2015ರಿಂದ ಬಿಸಿಲು ಮಳೆಯೆನ್ನದೆ ಧರಣಿ ಕೂತದ್ದನ್ನು ನಾನು ಮರೆಯಲಾರೆ, ಅವರ ಬಾಯಾರಿಕೆ ನಿಜ. ನದಿಯ ಸಿಹಿನೀರು ತಗ್ಗಿದರೆ ಉಪ್ಪು ಇನ್ನೂ ಮೇಲಕ್ಕೆ ಏರುತ್ತದೆ ಎಂಬ ಖಜಾನ್ ರೈತರ ಭಯವೂ ನಿಜ. ಊರಿಗೆ ಹೋದಾಗ ನೀನು ಗೋವಾದವಳು ಎನ್ನುತ್ತಾರೆ, ಇಲ್ಲಿ ನೀವು ಗದಗಿನವರು ಎನ್ನುತ್ತಾರೆ. ಎರಡೂ ಕಡೆ ನಾನು ಹೇಳುವುದು ಒಂದೇ. ಮಹದಾಯಿ ನೀರು ಬಂದರೂ ಒಳಹರಿವು ಕಡಿದುಹೋದ ಕೆರೆ ತಾನಾಗಿ ತುಂಬುವುದಿಲ್ಲ. ಮಹದಾಯಿ ಪೂರ್ತಿ ಗೋವಾಕ್ಕೇ ಹರಿದರೂ ಬಾಯಿಬಿಟ್ಟ ಬಾಂದು ತಾನಾಗಿ ಕೂಡಿಕೊಳ್ಳುವುದಿಲ್ಲ. ಟಿಎಂಸಿಗೆ ಹೋರಾಡುವಷ್ಟೇ ಕಿಚ್ಚಿನಿಂದ ಊರಿನ ಕಾಲುವೆಗೆ ಹೋರಾಡಿದ ನಾಯಕರನ್ನು ನಾನು ಎರಡು ರಾಜ್ಯದಲ್ಲೂ ಹೆಚ್ಚು ಕಂಡಿಲ್ಲ.

ಕಾಯುವವರನ್ನು ಹೊರಗಿಟ್ಟು ನೀರನ್ನು ಉಳಿಸುತ್ತೇವೆ ಎಂದು ಹೊರಟಾಗ ಏನಾಯಿತು ಎಂಬುದಕ್ಕೆ ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಪಕ್ಷಿಧಾಮ ಇದೆ. 1982ರಲ್ಲಿ ಅಲ್ಲಿ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ವಿರೋಧಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದವು. ಎಮ್ಮೆ ಹೋದ ಮೇಲೆ ನೀರಿನಲ್ಲಿ ಹುಲ್ಲು ಮಿತಿಮೀರಿ ಬೆಳೆದು, ಬಾತುಗಳಿಗೆ ಬೇಕಾದ ತೆರೆದ ನೀರೇ ಕುಗ್ಗಿತು. ಎಮ್ಮೆ ಮೇಯುವುದು ಹಕ್ಕಿಗಳಿಗೆ ಉಪಕಾರಿಯಾಗಿತ್ತು ಎಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವೇ ಹೇಳಿತು. ಮುಂದೆ ಮೇಲಿನ ಪಾಂಚನಾ ಅಣೆಕಟ್ಟಿನ ರೈತರು ನೀರು ಬಿಡಲು ಒಪ್ಪದೆ ಆ ಜೌಗು ವರ್ಷಗಟ್ಟಲೆ ಬಾಯಾರಿತು. ಅದೂ 1985ರಿಂದ ವಿಶ್ವ ಪರಂಪರೆಯ ತಾಣ. ಪಟ್ಟಿಯಲ್ಲಿ ಹೆಸರಿದ್ದರೆ ಸಾಕೆಂದು ನಂಬಿದವರು ಇದನ್ನು ಓದಬೇಕು.

ಪಟ್ಟಿಯ ಹೊರಗಿನವುಗಳ ಪಾಡು ಇನ್ನೂ ಕಷ್ಟ. 1971ರ ರಾಮ್ಸಾರ್ ಒಪ್ಪಂದ ಮನುಷ್ಯರು ಕಟ್ಟಿದ ಕೆರೆಯನ್ನೂ ಜೌಗು ಎಂದೇ ಎಣಿಸುತ್ತದೆ. ಮಾಗಡಿ ಸೇರಿದ್ದು ಹಾಗೆಯೇ. 2022ರಲ್ಲಿ ಗೋವಾದ ಮೊದಲ ರಾಮ್ಸಾರ್ ತಾಣವಾದ ಕುಡಚಡೆಯ ನಂದಾ ಕೆರೆಯ ನೀರಿನಿಂದಲೂ ಕೆಳಗಿನ ಭತ್ತದ ಗದ್ದೆಗಳು ಬದುಕಿವೆ. ನಮ್ಮ ದೇಶದ 2017ರ ಜೌಗು ಪ್ರದೇಶಗಳ ನಿಯಮಗಳೋ, ಭತ್ತದ ಗದ್ದೆಯನ್ನೂ, ಕುಡಿಯುವ ನೀರಿಗೆ, ನೀರಾವರಿಗೆ, ಮೀನು ಸಾಕಲು, ಉಪ್ಪು ಮಾಡಲು ಎಂದೇ ಕಟ್ಟಿದ ನೆಲೆಗಳನ್ನೂ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಗದಗಿನ ಎಷ್ಟೋ ಕೆರೆಗಳು, ಖಜಾನಿನ ಗದ್ದೆ, ಆಗರ ಎಲ್ಲವೂ ಹೀಗೆ ಹೊರಗೆ ಉಳಿಯುತ್ತವೆ. ಜನರ ಕೈ ತಾಗಿದ್ದೇ ಅನರ್ಹತೆಯಾದರೆ ನಮ್ಮ ಕಡೆ ಉಳಿಸಲು ಯಾವ ಜೌಗು ಇದೆ? ಈ ನಿಯಮ ಬದಲಾಗಬೇಕು ಎಂದು ನಾನು ನಂಬುತ್ತೇನೆ. ಅದರ ಜೊತೆಗೇ ಹೆಬ್ಬಾತು ತಿಂದ ಬೆಳೆಗೆ ಅಲೆದಾಡಿಸದೆ ಪರಿಹಾರ ಸಿಗಬೇಕು, ತೂಬು ನೋಡಿಕೊಳ್ಳುವವರಿಗೆ ತಿಂಗಳ ಸಂಬಳ ಇರಬೇಕು.

ಇನ್ನು ಈ ಬರಹಕ್ಕೆ ಕಾರಣವಾದ ಸಂಗತಿ. ಶಿರಹಟ್ಟಿ ಕಡೆಯ ಒಂದು ಊರಿನ ಹಲವು ಮನೆಯವರು ವಾಸ್ಕೊ ಹತ್ತಿರದ ಜುವಾರಿನಗರದಲ್ಲಿ ಬಾಡಿಗೆ ಕೋಣೆಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಈ ವರ್ಷ ಊರ ಕೆರೆಯ ಕಾಲುವೆ ಬಿಡಿಸಬೇಕೆಂದು ನಿಶ್ಚಯ ಮಾಡಿ, ರಜೆಯ ದಿನ ಕೂತು ಮಾತಾಡುತ್ತಿದ್ದಾರೆ. ಅರ್ಜಿ ಬರೆದುಕೊಡಿ ಎಂದು ನನ್ನನ್ನು ಕರೆದರು. ಹೋಗಿ ನೋಡಿದರೆ ಕಾಲುವೆಗೆ ಒಡ್ಡು ಹಾಕಿದ ಹೊಲದ ಯಜಮಾನನೂ ಅಲ್ಲೇ ಇದ್ದಾನೆ. ಗೋವಾದಲ್ಲಿ ಟೆಂಪೋ ಓಡಿಸುತ್ತಾನೆ. ಅವನನ್ನು ಎಲ್ಲರೂ ಮುತ್ತಿಕೊಂಡಾಗ ಅವನು ಗಟ್ಟಿಯಾಗಿಯೇ ಕೇಳಿದ: "ಕಾಲವಿ ಬಿಡ್ತೇನಪಾ. ಮಳಿಗಿ ನನ್ನ ಹೊಲ ಕೊಚ್ಚಿಕೊಂಡ್ ಹೋದ್ರ ಕಟ್ಟಿ ಕೊಡಾವ್ರು ಯಾರು?" ಬಹಳ ಹೊತ್ತು ಜಗಳವಾಯಿತು. ಕೊನೆಗೆ ಹಿರಿಯ ಮೇಸ್ತ್ರಿಯೊಬ್ಬರು, "ಕಲ್ಲ ಕಟ್ಟಾವ್ರು ನಾವು ಇಷ್ಟ ಮಂದಿ ಅದೇವಿ, ಎರಡೂ ಕಡೆ ಕಟ್ಟಿ ಕೊಡ್ತೇವಿ, ಬರದು ಕೊಡು ಅಂದ್ರ ಬರದೂ ಕೊಡ್ತೇವಿ" ಎಂದರು. ಗೋವಾದ ಬಂಗಲೆಗಳಿಗೆ ಕಲ್ಲು ಕಟ್ಟಿದ ಕೈಗಳವು. ಟೆಂಪೋದವನು ಒಪ್ಪಿದ.

ಆಗ ಹಿಂದೆ ನಿಂತಿದ್ದ ಹುಡುಗನೊಬ್ಬ ಮಾತೆತ್ತಿದ. "ಕಾಕಾ, ಕೆರಿ ಕೆಳಗ ನನಗ ಹೊಲ ಇಲ್ಲ. ಪಗಾರ ಬಿಟ್ಟು ಬಂದು ನಾ ಯಾಕ ಹೂಳ ಎತ್ತಲಿ?" ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಕೆಲವರಿಗೆ ಸಿಟ್ಟೂ ಬಂತು. ನನಗೆ ಅದು ಅಲ್ಲಿ ಎದ್ದ ಪ್ರಶ್ನೆಗಳಲ್ಲೆಲ್ಲ ಮುಖ್ಯವಾದದ್ದು ಎನಿಸಿತು, ಹಾಗೆಂದು ಹೇಳಿದೆ. ಇನ್ನೊಂದು ರಜೆಯ ದಿನ ಮತ್ತೆ ಸೇರಿ, ಕೆರೆ ತುಂಬಿದರೆ ಮೊದಲ ಐದು ವರ್ಷ ಮೀನಿನ ಹಕ್ಕು ಹೊಲವಿಲ್ಲದ ಮನೆಗಳಿಗೇ ಇರಲಿ, ಎತ್ತಿದ ಹೂಳನ್ನು ಹೊಲಕ್ಕೆ ಒಯ್ಯುವವರು ಗಾಡಿಗೆ ಇಷ್ಟೆಂದು ಕೊಡಲಿ, ಆ ರೊಕ್ಕ ತೂಬು ನೋಡಿಕೊಳ್ಳುವವರ ಸಂಬಳಕ್ಕೆ ಹೋಗಲಿ ಎಂದು ಮಾತಾಯಿತು. ಮೂರನ್ನೂ ಅರ್ಜಿಯಲ್ಲಿ ಬರೆದಿದ್ದೇನೆ. ರಸ್ತೆಯ ಕೆಳಗಿನ ಪೈಪು ತೆಗೆದು ದೊಡ್ಡದು ಹಾಕಿಸುವುದು ಪಂಚಾಯಿತಿಯ ಕೈಯಲ್ಲಿದೆ. ಹಬ್ಬಕ್ಕೆ ಊರಿಗೆ ಹೋಗುವವರು ಅರ್ಜಿ ಒಯ್ಯುತ್ತಾರೆ. ಮೀನಿನ ಹಕ್ಕಿನ ವಿಷಯಕ್ಕೆ ಗ್ರಾಮಸಭೆಯಲ್ಲಿ ತಕರಾರು ಬಂದೇ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿದೆ. ಅದಕ್ಕೇ ಆ ಹುಡುಗನೂ ಪಗಾರ ಬಿಟ್ಟು ಅವರ ಜೊತೆ ಹೊರಟಿದ್ದಾನೆ.